ನಡುರೂಪದ ಹಾವುಗಳು, ದೂರದ ಜನಕರು: ಮಿಲ್ಕ್ ಸ್ನೇಕ್ ಮತ್ತು ಕಿಂಗ್‌ಸ್ನೇಕ್‌ಗಳ ಸಂಧಿವಲಯಗಳ ಬಗ್ಗೆ ಒಂದು ಟಿಪ್ಪಣಿ

ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ದಕ್ಷಿಣ ನ್ಯೂಜೆರ್ಸಿಯಿಂದ ಹೊರಟು ಡೆಲವೇರ್, ಮೇರಿಲೆಂಡ್, ವರ್ಜೀನಿಯಗಳನ್ನು ಹಾದು ಉತ್ತರ ಕ್ಯಾರೊಲೈನದವರೆಗೆ ಹಬ್ಬಿದ ಮರಳು ನೆಲದ ತಗ್ಗು ಬಯಲಿದೆ. ಅಲ್ಲಿ ಸಿಗುವ ಒಂದು ಮಿಲ್ಕ್ ಸ್ನೇಕಿನ ಬೆನ್ನ ಮೇಲೆ ಕಪ್ಪಂಚಿನ ಕೆಂಪು ಮಚ್ಚೆಗಳಿರುತ್ತವೆ. ಅವು ಪಕ್ಕೆಯಿಂದ ಇಳಿದು ಹೊಟ್ಟೆಯ ಹುರುಪೆಗಳ ಅಂಚನ್ನು ಮುಟ್ಟುತ್ತವೆ; ಕತ್ತಿಗೆ ತಿಳಿಬಣ್ಣದ ಪಟ್ಟಿಯಿರುತ್ತದೆ. ಎಡ್ವರ್ಡ್ ಕೋಪ್ 1893ರಲ್ಲಿ ಇದಕ್ಕೆ ಟೆಂಪೊರಾಲಿಸ್ ಎಂಬ ಹೆಸರಿಟ್ಟರು. ರೋಜರ್ ಕೋನಂಟ್ 1943ರಲ್ಲಿ ಅಟ್ಲಾಂಟಿಕ್ ಬಯಲಿನ ಮಿಲ್ಕ್ ಸ್ನೇಕ್‌ಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಲೇಖನ ಬರೆದು ಇದನ್ನು ಪ್ರತ್ಯೇಕ ಉಪಪ್ರಭೇದವೆಂದು ಸಮರ್ಥಿಸಿದರು. ಕೆನೆತ್ ವಿಲಿಯಮ್ಸ್ ಅವರು 1978ರಲ್ಲಿ ಮಿಲ್ಕ್ ಸ್ನೇಕ್‌ಗಳ ಇಡೀ ವರ್ಗೀಕರಣವನ್ನು ಪರಿಷ್ಕರಿಸಿದಾಗ ಈ ಹೆಸರು ಬಿದ್ದುಹೋಯಿತು. ಉತ್ತರದ ಪೂರ್ವ ಮಿಲ್ಕ್ ಸ್ನೇಕ್ ಮತ್ತು ದಕ್ಷಿಣದ ಸ್ಕಾರ್ಲೆಟ್ ಕಿಂಗ್‌ಸ್ನೇಕ್ ಬೆರೆತು ಹುಟ್ಟಿದ ನಡುರೂಪ, ಅಂದರೆ ಇಂಟರ್‌ಗ್ರೇಡ್, ಎಂಬುದು ಅವರ ತೀರ್ಮಾನ. ಮುಂದಿನ ಮೂರು ದಶಕಗಳ ಕ್ಷೇತ್ರ ಕೈಪಿಡಿಗಳು ಹೆಚ್ಚುಕಡಿಮೆ ಇದನ್ನೇ ಒಪ್ಪಿಕೊಂಡವು.

ಈ ಟಿಪ್ಪಣಿಯ ಪ್ರಶ್ನೆ ಸಣ್ಣದು. ಎರಡು ಉಪಪ್ರಭೇದಗಳ ನಡುವಿನ ರೂಪದಂತೆ ಕಾಣುವ ಹಾವನ್ನು ಅವೆರಡರ ಬೆರಕೆ ಎನ್ನಲು ಎಷ್ಟು ಸಾಕ್ಷ್ಯ ಬೇಕು? ಈ ಹಾವುಗಳು ಸೇರಿದ ಲ್ಯಾಂಪ್ರೊಪೆಲ್ಟಿಸ್ ಕುಲದಲ್ಲಿ ಈ ಮಾತನ್ನು ತೀರ ಸಲೀಸಾಗಿ ಆಡಲಾಗಿದೆ ಎಂದು ನನಗನ್ನಿಸುತ್ತದೆ. ಅದರಲ್ಲೂ ಜನಕರಲ್ಲಿ ಒಬ್ಬರು ಆ ಪ್ರದೇಶದಲ್ಲಿ ಇಲ್ಲವೇ ಇಲ್ಲದ ಕಡೆ.

ಕನ್ನಡದ ಓದುಗರಿಗೆ ಎರಡು ಮಾತು. ಇಲ್ಲಿ ಹೇಳುವ ಕಿಂಗ್‌ಸ್ನೇಕಿಗೂ ನಮ್ಮ ಕಾಳಿಂಗ ಸರ್ಪಕ್ಕೂ ನಂಟಿಲ್ಲ. ಇವು ನಮ್ಮ ಕೇರೆ ಹಾವಿನ ಕುಟುಂಬಕ್ಕೆ ಸೇರಿದ, ಮನುಷ್ಯರಿಗೆ ಅಪಾಯವಿಲ್ಲದ, ಬೇಟೆಯನ್ನು ಸುತ್ತಿ ಹಿಸುಕಿ ಕೊಲ್ಲುವ ಹಾವುಗಳು. ಬೇರೆ ಹಾವುಗಳನ್ನು, ವಿಷದ ಹಾವುಗಳನ್ನೂ, ತಿನ್ನುವುದರಿಂದ ಕಿಂಗ್ ಎಂಬ ಹೆಸರು ಬಂದಿದೆ. ಮಿಲ್ಕ್ ಸ್ನೇಕ್ ದನದ ಕೊಟ್ಟಿಗೆಗೆ ಬಂದು ಕೆಚ್ಚಲಿನಿಂದ ಹಾಲು ಕುಡಿಯುತ್ತದೆ ಎಂದು ಅಲ್ಲಿಯ ರೈತರು ನಂಬಿದ್ದರು. ಕೇರೆ ಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಹೀರುತ್ತದೆ ಎಂದು ನಮ್ಮ ಹಳ್ಳಿಗಳಲ್ಲೂ ಹೇಳುತ್ತಾರೆ. ಎರಡೂ ಕಡೆ ಹಾವು ಬರುವುದು ಇಲಿಗಳನ್ನು ಹುಡುಕಿಕೊಂಡು.

ಮೊದಲು ಇಬ್ಬರು ಜನಕರನ್ನು ನೋಡೋಣ. ಪೂರ್ವ ಮಿಲ್ಕ್ ಸ್ನೇಕ್, ಅಂದರೆ ಲ್ಯಾಂಪ್ರೊಪೆಲ್ಟಿಸ್ ಟ್ರೈಆಂಗುಲಮ್, ಬೂದು ಅಥವಾ ಕಂದು ಮೈಯ ಹಾವು. ಬೆನ್ನ ಮೇಲೆ ಕೆಂಗಂದು ಮಚ್ಚೆಗಳು, ಕತ್ತಿನ ಹಿಂದೆ ಕವಲೊಡೆದ ತಿಳಿ ಗುರುತು, ಹೊಟ್ಟೆಯಲ್ಲಿ ಕಪ್ಪು ಬಿಳುಪಿನ ಚೌಕಳಿ. ಮೈಯ ನಡುಭಾಗದಲ್ಲಿ ಹುರುಪೆಗಳ ಸಾಲು ಸಾಮಾನ್ಯವಾಗಿ 21. ದೊಡ್ಡದಾದರೆ ಒಂದು ಮೀಟರಿನ ಹತ್ತಿರ ಬೆಳೆಯುತ್ತದೆ. ಮುಖ್ಯ ಆಹಾರ ಇಲಿ. ಸ್ಕಾರ್ಲೆಟ್ ಕಿಂಗ್‌ಸ್ನೇಕ್, ಅಂದರೆ ಎಲಾಪ್ಸಾಯ್ಡಿಸ್, ಇದರ ಅರ್ಧದಷ್ಟು ಉದ್ದ. ಮೂತಿ ಕೆಂಪು; ಕೆಂಪು, ಕಪ್ಪು, ಹಳದಿ ಉಂಗುರಗಳು ಹೊಟ್ಟೆಯನ್ನೂ ಸುತ್ತಿ ಬರುತ್ತವೆ. ಹುರುಪೆಗಳ ಸಾಲು 19 ಅಥವಾ ಅದಕ್ಕೂ ಕಡಿಮೆ. ಕಣ್ಣಿನ ಹಿಂದೆ ಕೆನ್ನೆಯ ಮೊದಲ ಸಾಲಿನಲ್ಲಿ ಟ್ರೈಆಂಗುಲಮ್‌ಗೆ ಸಾಮಾನ್ಯವಾಗಿ ಎರಡು ಹುರುಪೆ, ಇದಕ್ಕೆ ಒಂದೇ. ಪೈನ್ ಮರಗಳ ಸಡಿಲ ತೊಗಟೆಯ ಅಡಿಯಲ್ಲಿ ಅಡಗಿದ್ದು ಹೆಚ್ಚಾಗಿ ಸಣ್ಣ ಹಲ್ಲಿ, ಹಾವುರಾಣಿಗಳನ್ನು ಹಿಡಿಯುತ್ತದೆ. ಗಾತ್ರ, ಆಹಾರ, ನೆಲೆ, ಹುರುಪೆ, ಬಣ್ಣ ಹೀಗೆ ಎಲ್ಲದರಲ್ಲೂ ಬೇರೆಯಾದ ಇವೆರಡನ್ನು ಒಂದೇ ಪ್ರಭೇದದ ಉಪಪ್ರಭೇದಗಳೆಂದು ಕಟ್ಟಿಹಾಕಿದ್ದ ಮುಖ್ಯ ಎಳೆಯೇ ಟೆಂಪೊರಾಲಿಸ್ ಎಂಬ ಆ ನಡುರೂಪ. ನಡುರೂಪ ಇದೆಯಾದ್ದರಿಂದ ಎರಡೂ ಒಂದೇ ಪ್ರಭೇದ. ಒಂದೇ ಪ್ರಭೇದವಾದ್ದರಿಂದ ನಡುವೆ ಕಾಣುವುದು ನಡುರೂಪ. ವಾದ ತನ್ನ ಬಾಲವನ್ನೇ ನುಂಗುತ್ತಿದೆ ಎಂಬುದನ್ನು ಗಮನಿಸಿದವರು ಆಗ ಕಡಿಮೆ.

ನಿಜವಾದ ಬೆರಕೆ ವಲಯದಲ್ಲಿ ನಾವು ಏನನ್ನು ನಿರೀಕ್ಷಿಸಬೇಕು? ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು ಹೋದಂತೆ ಬಣ್ಣ ಮಾತ್ರವಲ್ಲ, ಬಣ್ಣಕ್ಕೆ ಸಂಬಂಧವಿಲ್ಲದ ಲಕ್ಷಣಗಳೂ, ಅಂದರೆ ಹುರುಪೆಯ ಸಾಲು, ಕೆನ್ನೆಯ ಹುರುಪೆ, ಮೈಯಳತೆಗಳೂ, ಅದೇ ಜಾಗದಲ್ಲಿ ಪಲ್ಲಟವಾಗಬೇಕು. ಹಲವು ತಲೆಮಾರುಗಳ ಬೆರಕೆಯಾದರೆ ಒಂದೇ ಊರಿನ ಹಾವುಗಳಲ್ಲಿ ಕೆಲವು ಇತ್ತ ವಾಲಿದ, ಕೆಲವು ಅತ್ತ ವಾಲಿದ ವೈವಿಧ್ಯ ಇರಬೇಕು. ಎಲ್ಲವೂ ಒಂದೇ ಬಗೆಯ ಮಧ್ಯಮ ರೂಪ ತೋರಿದರೆ ಅದು ಸಂಶಯಕ್ಕೆ ಎಡೆ. ಮತ್ತು ವಲಯದ ಎರಡೂ ತುದಿಗಳಲ್ಲಿ ಜನಕ ರೂಪಗಳು ಶುದ್ಧವಾಗಿ ಸಿಗಬೇಕು. ಈ ಕೊನೆಯದು ಹೇಳಬೇಕಾಗಿಯೇ ಇಲ್ಲದಷ್ಟು ಸ್ಪಷ್ಟ ಎನ್ನಿಸಬಹುದು. ಆದರೆ ಟೆಂಪೊರಾಲಿಸ್ ಎಡವುವುದು ಇಲ್ಲೇ. ಸ್ಕಾರ್ಲೆಟ್ ಕಿಂಗ್‌ಸ್ನೇಕಿನ ಉತ್ತರದ ಎಲ್ಲೆ ವರ್ಜೀನಿಯದಲ್ಲಿ ಮುಗಿಯುತ್ತದೆ. ಉತ್ತರ ಕ್ಯಾರೊಲೈನದಲ್ಲಿ ಬೆರಕೆ ಎಂದರೆ ಅರ್ಥವಿದೆ. ನ್ಯೂಜೆರ್ಸಿಯ ಪೈನ್ ಕಾಡಿನ ಹಾವನ್ನೂ ಅದೇ ಬೆರಕೆಯ ಸಂತಾನ ಎನ್ನಬೇಕಾದರೆ, ಹಿಂದೆಂದೋ ಎಲಾಪ್ಸಾಯ್ಡಿಸ್ ಅಲ್ಲಿಯವರೆಗೂ ಹಬ್ಬಿತ್ತು, ಆಮೇಲೆ ಹಿಂದೆ ಸರಿಯಿತು, ತನ್ನ ಗುರುತನ್ನು ಮಾತ್ರ ಬಿಟ್ಟುಹೋಯಿತು ಎಂದು ಇನ್ನೊಂದು ಊಹೆಯನ್ನು ಅದರ ಬೆನ್ನಿಗೆ ಕಟ್ಟಬೇಕು.

ಇದಕ್ಕಿಂತ ಸರಳವಾದ ದಾರಿಯೊಂದಿದೆ. ಅಯೊವಾ, ಉತ್ತರ ಮಿಸೌರಿಗಳ ಹುಲ್ಲುಗಾವಲಿನಲ್ಲಿ ಸಿಸ್ಪಿಲಾ ಎಂದು ಕರೆಸಿಕೊಂಡ ಕೆಂಪು ಮಿಲ್ಕ್ ಸ್ನೇಕ್ ಇದೆ. ಅದಕ್ಕೂ ಕೆಂಪು ಮಚ್ಚೆಗಳು ಪಕ್ಕೆಯವರೆಗೆ ಇಳಿದಿರುತ್ತವೆ. ಅದಕ್ಕೂ ಕೊರಳಪಟ್ಟಿ ಇರುತ್ತದೆ. ಟೆಂಪೊರಾಲಿಸ್ ಪಕ್ಕದಲ್ಲಿಟ್ಟರೆ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಆ ಹುಲ್ಲುಗಾವಲುಗಳ ಹತ್ತಿರ ಎಲ್ಲೂ ಸ್ಕಾರ್ಲೆಟ್ ಕಿಂಗ್‌ಸ್ನೇಕ್ ಇಲ್ಲ. ಅಂದರೆ ಕೆಂಪು ಮಚ್ಚೆಯನ್ನೂ ಕೊರಳಪಟ್ಟಿಯನ್ನೂ ಪಡೆಯಲು ಮಿಲ್ಕ್ ಸ್ನೇಕಿಗೆ ಎಲಾಪ್ಸಾಯ್ಡಿಸ್‌ನ ಹಂಗು ಬೇಕಿಲ್ಲ. ಅಟ್ಲಾಂಟಿಕ್ ಬಯಲಿನ ಹಾವು ಮಿಲ್ಕ್ ಸ್ನೇಕಿನದೇ ಒಂದು ಸ್ಥಳೀಯ ರೂಪ ಎನ್ನಲು ಇದಕ್ಕಿಂತ ಹೆಚ್ಚಿನ ಊಹೆ ಅಗತ್ಯವಿಲ್ಲ.

ಕೆಂಟಕಿಯ ಸಾಕ್ಷ್ಯ ಇನ್ನೂ ನೇರವಾದದ್ದು. ಪಶ್ಚಿಮ ಕೆಂಟಕಿ ಮತ್ತು ಅದಕ್ಕೆ ತಾಗಿದ ಟೆನೆಸಿಯಲ್ಲಿ ಸಿಸ್ಪಿಲಾ ಮತ್ತು ಎಲಾಪ್ಸಾಯ್ಡಿಸ್ ಒಂದೇ ನೆಲದಲ್ಲಿ ಇವೆ. ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 2001ರಲ್ಲಿ ಅಲ್ಲಿಯ ಹಾವುಗಳನ್ನು ಹೋಲಿಸಿ ನೋಡಿದಾಗ ಬೆರಕೆಯ ಸುಳಿವು ಕಾಣಲಿಲ್ಲ. ಎರಡೂ ತಮ್ಮ ತಮ್ಮ ಲಕ್ಷಣಗಳನ್ನು ಬಿಟ್ಟುಕೊಡದೆ ಅಕ್ಕಪಕ್ಕ ಬದುಕಿದ್ದವು. ಸ್ಕಾರ್ಲೆಟ್ ಕಿಂಗ್‌ಸ್ನೇಕನ್ನು ಬೇರೆ ಪ್ರಭೇದವೆಂದೇ ಎಣಿಸಬೇಕೆಂಬ ವಾದಕ್ಕೆ ಇದು ಬಲ ಕೊಟ್ಟಿತು. ಅಲೆಕ್ಸ್ ಪೈರನ್ ಮತ್ತು ಫ್ರಾಂಕ್ ಬರ್ಬ್ರಿಂಕ್ 2009ರಲ್ಲಿ, ಸಾರಾ ರುವೇನ್ ಮತ್ತು ಸಂಗಡಿಗರು 2014ರಲ್ಲಿ ಡಿಎನ್ಎ ಆಧಾರದ ಮೇಲೆ ಅದೇ ನಿಲುವಿಗೆ ಬಂದರು. ಒಂದೆಡೆ ಮುಖಾಮುಖಿಯಾದಾಗ ಬೆರೆಯದ ಎರಡು ವಂಶಗಳು, ಇನ್ನೊಂದೆಡೆ ಒಂದು ವಂಶ ಹಾಜರಿಲ್ಲದ ನೂರಾರು ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ಬೆರೆತವು ಎಂದು ನಂಬುವುದು ಕಷ್ಟ. ಉತ್ತರ ಕ್ಯಾರೊಲೈನದ ಕೆಲವು ಕಡೆ ಅಪರೂಪಕ್ಕೆ ಬೆರಕೆ ನಡೆದಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ನ್ಯೂಜೆರ್ಸಿಯ ಹಾವಿಗೆ ವಂಶಾವಳಿ ಬರೆಯಲಾಗದು.

ಬಣ್ಣವನ್ನು ನಂಬಬಾರದು ಎನ್ನಲು ಈ ಗುಂಪಿನಲ್ಲಿ ಇನ್ನೂ ಒಂದು ಕಾರಣವಿದೆ. ಸ್ಕಾರ್ಲೆಟ್ ಕಿಂಗ್‌ಸ್ನೇಕಿನ ಉಂಗುರಗಳು ವಿಷದ ಹವಳದ ಹಾವಿನ ಅನುಕರಣೆ. ಡೇವಿಡ್ ಫೆನಿಗ್ ಮತ್ತು ಸಂಗಡಿಗರು ಪ್ಲಾಸ್ಟಿಸಿನ್ ಜೇಡಿಯಿಂದ ಮಾಡಿದ ಹಾವಿನ ಮಾದರಿಗಳನ್ನು ಕಾಡಿನಲ್ಲಿಟ್ಟು ಅವುಗಳ ಮೇಲಿನ ಹಲ್ಲಿನ ಗುರುತುಗಳನ್ನು ಎಣಿಸಿದರು. ಹವಳದ ಹಾವು ಇರುವ ಕಡೆ ಬೇಟೆಗಾರ ಪ್ರಾಣಿಗಳು ಉಂಗುರದ ಮಾದರಿಗಳಿಂದ ದೂರ ಉಳಿಯುತ್ತವೆ, ಇಲ್ಲದ ಕಡೆ ಉಳಿಯುವುದಿಲ್ಲ ಎಂದು 2001ರಲ್ಲಿ ಪ್ರಕಟಿಸಿದರು. ಹಾರ್ಪರ್ ಮತ್ತು ಫೆನಿಗ್ 2008ರಲ್ಲಿ ಇದನ್ನು ಮುಂದುವರಿಸಿ, ಹವಳದ ಹಾವಿನ ಎಲ್ಲೆಯಾಚೆಗೆ ಅನುಕರಣೆಯ ವಂಶವಾಹಿಗಳು ಹರಿದುಬರುತ್ತಲೇ ಇದ್ದರೂ ಅಲ್ಲಿಯ ಆಯ್ಕೆಯ ಒತ್ತಡ ಉಂಗುರದ ವಿನ್ಯಾಸವನ್ನು ಸಡಿಲಿಸುತ್ತದೆ ಎಂದು ತೋರಿಸಿದರು. ಬೆರಕೆ ಇದ್ದೂ ಬಣ್ಣ ಬೇರೆಯಾಗಬಹುದು. ಹಾಗಾದರೆ ಬಣ್ಣ ಒಂದೇ ಆದ ಮಾತ್ರಕ್ಕೆ ಬೆರಕೆ ಎನ್ನುವುದು ಹೇಗೆ? ಆದರೆ ನ್ಯೂಜೆರ್ಸಿಯ ಕೆಂಪನ್ನು ಅನುಕರಣೆಯಿಂದ ವಿವರಿಸಲು ನಾನು ಹೋಗುವುದಿಲ್ಲ. ಹವಳದ ಹಾವಿನ ಉತ್ತರದ ತುದಿ ಉತ್ತರ ಕ್ಯಾರೊಲೈನದ ಆಗ್ನೇಯ ಮೂಲೆಯಲ್ಲೇ ನಿಲ್ಲುತ್ತದೆ.

ಕ್ಯಾಲಿಫೋರ್ನಿಯದ ಹಳೆಯ ಪಾಠವನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಬೆನ್ನುದ್ದ ಗೆರೆಯಿರುವ ಕಿಂಗ್‌ಸ್ನೇಕಿಗೂ ಅಡ್ಡಪಟ್ಟಿಯ ಕಿಂಗ್‌ಸ್ನೇಕಿಗೂ ಬೇರೆ ಬೇರೆ ಹೆಸರುಗಳಿದ್ದವು. ಗೆರೆ ಮುರಿದು ಪಟ್ಟಿಯಾದ ಹಾವುಗಳನ್ನು ಇವೆರಡರ ನಡುರೂಪ ಎನ್ನುವುದು ಸಹಜವೇ ಆಗಿತ್ತು. ಸ್ಯಾನ್ ಡಿಯೇಗೊದ ಲಾರೆನ್ಸ್ ಕ್ಲೌಬರ್ ಒಂದೇ ತಾಯಿಯ ಮೊಟ್ಟೆಗಳಿಂದ ಗೆರೆಯ ಮರಿಗಳೂ ಪಟ್ಟಿಯ ಮರಿಗಳೂ ಹೊರಬರುವುದನ್ನು ಕಂಡು, ಇದು ಒಂದೇ ಹಾವಿನ ಎರಡು ವಿನ್ಯಾಸ ಎಂದು 1936ರಲ್ಲಿ ಬರೆದರು. ಎರಡು ಉಪಪ್ರಭೇದಗಳ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಈಗ ಕಿಂಗ್‌ಸ್ನೇಕ್‌ಗಳ ಕಡೆಗೆ, ಅಂದರೆ ಗೆಟುಲಾ ಗುಂಪಿನ ಕಡೆಗೆ. ಇಲ್ಲಿ ಅತ್ಯಂತ ಕುತೂಹಲದ ನೆಲ ಫ್ಲಾರಿಡದ ವಾಯವ್ಯ ತುಂಡಿನ ಅಪಲಾಚಿಕೋಲ ತಗ್ಗುನಾಡು. ಪಶ್ಚಿಮಕ್ಕೆ ಅಪಲಾಚಿಕೋಲ ನದಿ, ಪೂರ್ವಕ್ಕೆ ಒಕ್ಲಾಕನಿ ನದಿ. ಇವುಗಳ ನಡುವಿನ ಜೌಗು ಪೈನ್ ಕಾಡಿನಲ್ಲಿ ಸಿಗುವ ಕಿಂಗ್‌ಸ್ನೇಕ್‌ಗಳಲ್ಲಿ ಕೆಲವಕ್ಕೆ ಅಗಲವಾದ ತಿಳಿ ಪಟ್ಟಿಗಳು, ಕೆಲವಕ್ಕೆ ಉದ್ದ ಗೆರೆಗಳು, ಕೆಲವಕ್ಕೆ ಯಾವ ವಿನ್ಯಾಸವೂ ಇಲ್ಲ. ಸುತ್ತಲಿನ ಪೂರ್ವ ಕಿಂಗ್‌ಸ್ನೇಕಿನ ಕಪ್ಪು ಮೈ ಮೇಲಿನ ಸರಪಳಿಯಂತಹ ಬಿಳಿ ಪಟ್ಟಿಗೂ ಇದಕ್ಕೂ ಹೋಲಿಕೆಯಿಲ್ಲ. ವಿಲ್ಫ್ರೆಡ್ ನೀಲ್ ಮತ್ತು ರಾಸ್ ಆ್ಯಲನ್ 1949ರಲ್ಲಿ ಪಕ್ಕದ ಚಿಪೋಲ ನದಿಯ ಕಣಿವೆಯ ಹಾವುಗಳನ್ನು ನೋಡಿ ಗೊಯಿನಿ ಎಂಬ ಉಪಪ್ರಭೇದವನ್ನು ವಿವರಿಸಿದರು. ರಿಚರ್ಡ್ ಬ್ಲೇನಿ 1977ರಲ್ಲಿ ಕಿಂಗ್‌ಸ್ನೇಕ್‌ಗಳ ವರ್ಗೀಕರಣವನ್ನು ಮರುಪರಿಶೀಲಿಸಿ, ಇದು ಪೂರ್ವ ಕಿಂಗ್‌ಸ್ನೇಕ್ ಮತ್ತು ಫ್ಲಾರಿಡ ಕಿಂಗ್‌ಸ್ನೇಕ್‌ಗಳ ಹಳೆಯ ಬೆರಕೆಯ ಉಳಿಕೆ ಎಂದರು. ಇಲ್ಲಿ ಮತ್ತೆ ದೂರದ ಜನಕ: ಫ್ಲಾರಿಡ ಕಿಂಗ್‌ಸ್ನೇಕ್, ಅಂದರೆ ಫ್ಲಾರಿಡಾನ ಎಂಬ ಉಪಪ್ರಭೇದದ ನೆಲೆ ಇರುವುದು ಪರ್ಯಾಯದ್ವೀಪದಲ್ಲಿ, ಆಗ್ನೇಯಕ್ಕೆ ಬಹುದೂರ.

ಬ್ರೂಸ್ ಮೀನ್ಸ್ ಇದನ್ನು ಒಪ್ಪಲಿಲ್ಲ. ಅವರ ಓದು ಬೇರೆ: ಎರಡು ನದಿಗಳ ನಡುವಿನ ಹಾವು ಬೆರಕೆಯಲ್ಲ, ಅದೇ ಒಂದು ಜನಕ ರೂಪ; ಅದಕ್ಕೂ ಸುತ್ತಲಿನ ಪೂರ್ವ ಕಿಂಗ್‌ಸ್ನೇಕಿಗೂ ಬೆರಕೆಯಾಗಿ ಅಂಚಿನಲ್ಲಿ ನಡುರೂಪಗಳು ಹುಟ್ಟಿವೆ. ಕೆನೆತ್ ಕ್ರಿಸ್ಕೊ ಮತ್ತು ವಾಲ್ಟರ್ ಜಡ್ 2006ರಲ್ಲಿ ಈ ಹಾವಿಗೆ ಅವರ ಹೆಸರಿನಿಂದಲೇ ಮೀನ್ಸೈ ಎಂದು ನಾಮಕರಣ ಮಾಡಿದರು. ಹಳೆಯ ಗೊಯಿನಿ ಎಂಬ ಹೆಸರನ್ನೇ ಯಾಕೆ ಉಳಿಸಿಕೊಳ್ಳಲಿಲ್ಲ? ಯಾಕೆಂದರೆ ಚಿಪೋಲ ಕಣಿವೆ ಬೀಳುವುದು ನಡುರೂಪಗಳ ಅಂಚಿನಲ್ಲಿ. 1949ರಲ್ಲಿ ಹೆಸರು ಪಡೆದದ್ದು ಬೆರಕೆಯ ಹಾವು, ಹೆಸರಿಗೆ ಅರ್ಹವಾದ ಹಾವು ಪೂರ್ವಕ್ಕೆ ನದಿಯಾಚೆ ಇತ್ತು. ಬ್ಲೇನಿಯವರ ವಾದದಲ್ಲಿ ಇಡೀ ಪ್ರದೇಶ ನಡುರೂಪ, ಜನಕ ದೂರ. ಮೀನ್ಸ್ ಅವರ ವಾದದಲ್ಲಿ ಅಂಚು ಮಾತ್ರ ನಡುರೂಪ, ಜನಕರು ಇಬ್ಬರೂ ಕೈಗೆ ಸಿಗುವಷ್ಟು ಹತ್ತಿರ. ಎರಡನೆಯದನ್ನು ಕಾಡಿಗೆ ಹೋಗಿ ಪರೀಕ್ಷಿಸಬಹುದು. ಮಧ್ಯದಿಂದ ಹೊರಕ್ಕೆ ನಡೆದಂತೆ ಲಕ್ಷಣಗಳು ಬದಲಾಗಬೇಕು, ಬದಲಾಗುತ್ತವೆ. ನನ್ನ ಒಲವು ಸ್ಪಷ್ಟವಾಗಿ ಎರಡನೆಯದರ ಕಡೆಗೆ. ಕ್ರಿಸ್ಕೊ ಮತ್ತು ಸಂಗಡಿಗರು 2017ರಲ್ಲಿ ಡಿಎನ್ಎ ನೋಡಿ ಮೀನ್ಸೈಯನ್ನು ಪ್ರಭೇದದ ಮಟ್ಟಕ್ಕೇ ಏರಿಸಿದರು. ಅಂಚಿನಲ್ಲಿ ಬೆರಕೆ ನಡೆದಿರುವಾಗ ಅಷ್ಟು ದೂರ ಹೋಗಬೇಕಿತ್ತೇ ಎಂಬುದು ಬೇರೆ ಜಗಳ.

ಇದೇ ಹಾವುಗಳಲ್ಲಿ ಇನ್ನೊಂದು ತೊಡಕಿದೆ, ವಸ್ತುಸಂಗ್ರಹಾಲಯದ ಜಾಡಿಗಳ ಮುಂದೆ ಕೂರುವವರಿಗೆ ಅದು ಮುಖ್ಯ. ಪೂರ್ವ ಕಿಂಗ್‌ಸ್ನೇಕಿನ ಪಟ್ಟಿಗಳ ನಡುವಿನ ಕಪ್ಪು ಹುರುಪೆಗಳು ಕೊನೆಯವರೆಗೂ ಕಪ್ಪಾಗಿಯೇ ಇರುತ್ತವೆ. ಫ್ಲಾರಿಡಾನ ಮತ್ತು ಮೀನ್ಸೈಗಳಲ್ಲಿ ಹಾವು ಬೆಳೆದಂತೆ ಆ ಹುರುಪೆಗಳು ಬುಡದಿಂದ ತಿಳಿಯಾಗುತ್ತ ಹೋಗುತ್ತವೆ. ಫ್ಲಾರಿಡಾನದ ಮರಿಯೊಂದನ್ನು ಮಾತ್ರ ಕೈಯಲ್ಲಿ ಹಿಡಿದರೆ ಅದು ಪೂರ್ವ ಕಿಂಗ್‌ಸ್ನೇಕಿನ ಕಡೆ ವಾಲಿದಂತೆ ಕಾಣುತ್ತದೆ, ಅರೆಪ್ರಾಯದ್ದು ನಡುರೂಪದಂತೆ ಕಾಣುತ್ತದೆ, ಮುದಿ ಹಾವು ಶುದ್ಧ ಫ್ಲಾರಿಡಾನ. ವಯಸ್ಸನ್ನು ಪಕ್ಕಕ್ಕಿಟ್ಟು ಬಣ್ಣಕ್ಕೆ ಅಂಕ ಕೊಟ್ಟ ಹಳೆಯ ಪಟ್ಟಿಗಳಲ್ಲಿ ಎಷ್ಟು ನಡುರೂಪಗಳು ನಿಜವಾಗಿ ಎಳೆಯ ಹಾವುಗಳು ಎಂದು ಕೇಳಲೇಬೇಕಾಗುತ್ತದೆ.

ಉತ್ತರ ಕ್ಯಾರೊಲೈನದ ಕಡಲ ಮುಂದಿನ ಮರಳುದಿಬ್ಬದ ದ್ವೀಪಸಾಲಿನ ಕಿಂಗ್‌ಸ್ನೇಕ್ ಇದರ ಜೊತೆಗೆ ಓದಬೇಕಾದ ಪ್ರಕರಣ. ಬಾರ್ಬರ್ ಮತ್ತು ಎಂಗೆಲ್ಸ್ 1942ರಲ್ಲಿ ಅದಕ್ಕೆ ಸ್ಟಿಕ್ಟಿಸೆಪ್ಸ್ ಎಂದು ಹೆಸರಿಟ್ಟರು. ಕಂದು ಛಾಯೆ, ಪಟ್ಟಿಗಳ ನಡುವೆ ತಿಳಿ ಚುಕ್ಕೆ. ಲಾಜೆಲ್ ಮತ್ತು ಮ್ಯೂಸಿಕ್ 1973ರಲ್ಲಿ ದ್ವೀಪಗಳ ಪರಿಸರದೊಡನೆ ಇದನ್ನು ಜೋಡಿಸಿ ಹೆಸರನ್ನು ಎತ್ತಿಹಿಡಿದರು. ಬ್ಲೇನಿ ಇದನ್ನೂ ಪೂರ್ವ ಕಿಂಗ್‌ಸ್ನೇಕ್ ಮತ್ತು ಫ್ಲಾರಿಡಾನಗಳ ಉಳಿಕೆ ಬೆರಕೆ ಎಂದೇ ಬಗೆದರು. ಫ್ಲಾರಿಡಾನ ಇಂದು ಇರುವುದು ಅಲ್ಲಿಂದ ನೂರಾರು ಕಿಲೋಮೀಟರ್ ದಕ್ಷಿಣದಲ್ಲಿ. ಈ ಊಹೆ ತಪ್ಪೆಂದು ತೋರಿಸಲು ಯಾವ ಹಾವನ್ನು ಹಿಡಿಯಬೇಕು ಎಂದು ಯೋಚಿಸಿದರೆ ಉತ್ತರ ಹೊಳೆಯುವುದಿಲ್ಲ. ನಡುವಿನ ದಕ್ಷಿಣ ಕ್ಯಾರೊಲೈನ, ಜಾರ್ಜಿಯಗಳಲ್ಲಿ ಸಾಮಾನ್ಯ ಪೂರ್ವ ಕಿಂಗ್‌ಸ್ನೇಕ್ ಮಾತ್ರ ಇದ್ದರೂ ಊಹೆಗೆ ಧಕ್ಕೆಯಿಲ್ಲ, ಉಳಿಕೆ ಎಂದಮೇಲೆ ನಡುವೆ ಅಳಿದುಹೋಗಿದ್ದೇ ಸರಿ ಎನ್ನಬಹುದು. ಸೋಲಲಾರದ ಇಂಥ ವಾದದಲ್ಲಿ ನನಗೆ ಆಸಕ್ತಿ ಇಲ್ಲ. ಒಣ ಮರಳು ದ್ವೀಪದಲ್ಲಿ ತಲೆಮಾರುಗಳಿಂದ ಸಿಕ್ಕಿಬಿದ್ದ ಪೂರ್ವ ಕಿಂಗ್‌ಸ್ನೇಕಿನ ಒಂದು ಗುಂಪು ಎಂದರೆ ಸಾಕು.

ಮಿಸಿಸಿಪಿ ನದಿಯ ಪೂರ್ವದ ಕಥೆಯನ್ನು ಚುಟುಕಾಗಿ ಹೇಳಬಹುದು. ಹಳೆಯ ನಕ್ಷೆಗಳಲ್ಲಿ ಚುಕ್ಕೆಯ ಕಿಂಗ್‌ಸ್ನೇಕ್ ಹಾಲ್‌ಬ್ರೂಕಿ ಮತ್ತು ಕಪ್ಪು ಕಿಂಗ್‌ಸ್ನೇಕ್ ನೈಗ್ರಾಗಳ ನಡುವೆ ಅಗಲವಾದ ಬೆರಕೆ ವಲಯ ಇರುತ್ತಿತ್ತು. ಪೈರನ್ ಮತ್ತು ಬರ್ಬ್ರಿಂಕ್ 2009ರಲ್ಲಿ ಮೈಟೊಕಾಂಡ್ರಿಯದ ಡಿಎನ್ಎ ನೋಡಿದಾಗ ನದಿಯ ಪೂರ್ವದ ಚುಕ್ಕೆ ಹಾವುಗಳೂ ನೈಗ್ರಾ ವಂಶದೊಳಗೇ ಬಂದವು. ಎರಡು ವಂಶಗಳ ಬೆರಕೆ ಎಂದುಕೊಂಡದ್ದರಲ್ಲಿ ಬಹುಭಾಗ ಒಂದೇ ವಂಶದ ಒಳಗಿನ ಬಣ್ಣದ ಏರಿಳಿತವಾಗಿರಬಹುದು. ಆದರೆ ಮೈಟೊಕಾಂಡ್ರಿಯ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ಗಂಡು ಹಾವುಗಳು ನದಿ ದಾಟಿ ಬಂದರೆ ಅದರಲ್ಲಿ ಗುರುತೇ ಉಳಿಯುವುದಿಲ್ಲ. ಅದೊಂದರ ಮೇಲೆ ಗಡಿ ಹಾಕಿದ್ದು ಅವಸರ ಎಂಬ ಟೀಕೆಯಲ್ಲಿ ಹುರುಳಿದೆ.

ರುವೇನ್ ಮತ್ತು ಸಂಗಡಿಗರ 2014ರ ಕೆಲಸ ಹಲವು ನ್ಯೂಕ್ಲಿಯರ್ ವಂಶವಾಹಿಗಳನ್ನು ಸೇರಿಸಿಕೊಂಡಿತು. ಒಂದು ಮಿಲ್ಕ್ ಸ್ನೇಕ್ ಏಳು ಪ್ರಭೇದಗಳಾಯಿತು. ವಿಲಿಯಮ್ಸ್ 1988ರಲ್ಲಿ ಪಟ್ಟಿ ಮಾಡಿದ್ದ 25 ಉಪಪ್ರಭೇದಗಳು ಅವುಗಳೊಳಗೆ ಕರಗಿದವು. ಕ್ಯಾನ್ಸಸ್‌ನ ಪೂರ್ವ ಭಾಗದಲ್ಲಿ ಸಿಸ್ಪಿಲಾ ಮತ್ತು ಇನ್ನೊಂದು ಮಿಲ್ಕ್ ಸ್ನೇಕ್ ರೂಪವಾದ ಜೆಂಟಿಲಿಸ್‌ಗಳ ನಡುರೂಪ ಎಂದು ಬರೆದಿಟ್ಟಿದ್ದ ಹಾವು ರಾತ್ರೋರಾತ್ರಿ ಎರಡು ಪ್ರಭೇದಗಳ ಸಂಕರವಾಯಿತು. ಹಾವು ಅದೇ, ಅದರ ಮಚ್ಚೆಗಳೂ ಅವೇ. ಆ್ಯನ್ ಚೇಂಬರ್ಸ್ ಮತ್ತು ಡೇವಿಡ್ ಹಿಲ್ಲಿಸ್ 2020ರಲ್ಲಿ ಅದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಿ, ಉದ್ದಕ್ಕೂ ನಿಧಾನವಾಗಿ ಬದಲಾಗುವ ಒಂದು ಸಾಲನ್ನು ಈ ವಿಧಾನ ತುಂಡು ತುಂಡಾಗಿ ಕತ್ತರಿಸಿದೆ ಎಂದು ವಾದಿಸಿದರು. ಕ್ಯಾನ್ಸಸ್‌ನ ಮಟ್ಟಿಗೆ ನಾನು ಅವರ ಕಡೆ. ಅಲ್ಲಿ ಜನಕರಿಬ್ಬರೂ ಪಕ್ಕದಲ್ಲೇ ಇದ್ದಾರೆ, ಮಚ್ಚೆಯ ಸಂಖ್ಯೆ ಮತ್ತು ಅಗಲ ಪೂರ್ವದಿಂದ ಪಶ್ಚಿಮಕ್ಕೆ ಮೆಟ್ಟಿಲಿಲ್ಲದೆ ಜಾರುತ್ತದೆ. ನಡುರೂಪ ಎಂಬ ಹೆಸರಿಗೆ ನಿಜವಾಗಿ ತಕ್ಕ ಹಾವು ಇದೇ ಇರಬೇಕು.

ಸಾಕುವವರ ಪೆಟ್ಟಿಗೆಗಳಲ್ಲಿ ಈ ಹಾವುಗಳು ಹೇಗೆ ಬೆರೆತವು ಎಂಬುದನ್ನು ಆಗಾಗ ಸಾಕ್ಷ್ಯವಾಗಿ ತರುತ್ತಾರೆ. ಕ್ಯಾಲಿಫೋರ್ನಿಯ ಕಿಂಗ್‌ಸ್ನೇಕ್ ಮತ್ತು ಜೋಳದ ಹಾವು, ಅಂದರೆ ಬೇರೆ ಬೇರೆ ಕುಲದ ಹಾವುಗಳು, ಕೂಡಿ ಫಲವಂತ ಮರಿಗಳನ್ನೇ ಕೊಟ್ಟಿವೆ. ಪೆಟ್ಟಿಗೆಯಲ್ಲಿ ಇಷ್ಟು ಸುಲಭವಾದದ್ದು ಕಾಡಿನ ಬೆರಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೆಂಟಕಿಯ ಎರಡು ಹಾವುಗಳನ್ನು ಬೇರೆ ಇಟ್ಟಿರುವುದು ಗಾತ್ರವೋ ನೆಲೆಯೋ ವಾಸನೆಯೋ ಇರಬೇಕು.

ನಮ್ಮಲ್ಲೂ ಇದರ ನೆರಳಿದೆ. ಏಷ್ಯಾದ ನಾಗರಗಳೆಲ್ಲ ಒಂದು ಕಾಲದಲ್ಲಿ ನಾಜಾ ನಾಜಾದ ಉಪಪ್ರಭೇದಗಳು, ಹೆಡೆಯ ಗುರುತೇ ಮುಖ್ಯ ಆಧಾರ. ಕನ್ನಡಕದ ಗುರುತಿನ ನಾಗರವೂ ಒಂಟಿ ವೃತ್ತದ ನಾಗರವೂ ಪೂರ್ವ ಭಾರತದಲ್ಲಿ ಒಟ್ಟಿಗಿದ್ದರೂ ಬೇರೆಯಾಗಿಯೇ ಉಳಿದಿವೆ ಎಂದು ವೊಲ್ಫ್‌ಗಾಂಗ್ ವೂಸ್ಟರ್ ಮತ್ತು ರೋಜರ್ ಥಾರ್ಪ್ ಅವರ ಅಧ್ಯಯನಗಳು ತೋರಿಸಿದ ಮೇಲೆ ಅವು ಎರಡು ಪ್ರಭೇದಗಳಾದವು. ಅಲ್ಲಿಯೂ ತೀರ್ಮಾನವಾದದ್ದು ಹಲವು ಲಕ್ಷಣಗಳನ್ನು ಒಟ್ಟಿಗೆ ಅಳೆದಾಗ.

ಟೆಂಪೊರಾಲಿಸ್‌ನ ಮಟ್ಟಿಗೆ ಆಗಬೇಕಾದ ಕೆಲಸ ದೊಡ್ಡದೇನಲ್ಲ. ನ್ಯೂಜೆರ್ಸಿಯಿಂದ ಉತ್ತರ ಕ್ಯಾರೊಲೈನದವರೆಗಿನ ಬೆಳೆದ ಹಾವುಗಳನ್ನು ಮಾತ್ರ ಆರಿಸಿ, ಮಚ್ಚೆಯನ್ನು ಬದಿಗಿಟ್ಟು, ಮೈನಡುವಿನ ಹುರುಪೆಯ ಸಾಲನ್ನೂ ಕೆನ್ನೆಯ ಮೊದಲ ಹುರುಪೆಗಳನ್ನೂ ಎಣಿಸಬೇಕು; ಅದೇ ಹಾವುಗಳ ಅಂಗಾಂಶ ಉಳಿದಿದ್ದರೆ ನ್ಯೂಕ್ಲಿಯರ್ ವಂಶವಾಹಿಗಳನ್ನು ಓದಬೇಕು. ಹುರುಪೆಯ ಎಣಿಕೆ ದಕ್ಷಿಣಕ್ಕೆ ಹೋದಂತೆ 21ರಿಂದ 19ರತ್ತ ಇಳಿದು, ಎಲಾಪ್ಸಾಯ್ಡಿಸ್‌ನ ವಂಶವಾಹಿಗಳು ಮೇರಿಲೆಂಡ್ ದಾಟಿಯೂ ಸಿಕ್ಕರೆ ವಿಲಿಯಮ್ಸ್ ಹೇಳಿದ್ದು ಸರಿ. ಎಣಿಕೆ ಡೆಲವೇರಿನಲ್ಲೂ ಕ್ಯಾರೊಲೈನದಲ್ಲೂ 21ರಲ್ಲೇ ನಿಂತು ಬಣ್ಣ ಮಾತ್ರ ಬದಲಾಗಿದ್ದರೆ ಅದು ಕೆಂಪಾಗಿ ಬೆಳೆದ ಮಿಲ್ಕ್ ಸ್ನೇಕ್, ಬೆರಕೆಯಲ್ಲ.